ಯಂತ್ರ ಯಾರದು, ಕ್ಯಾಸೆಟ್ ಯಾರದು?

ಟಿವಿಗೆ ಜೋಡಿಸಿಕೊಂಡು ಮನೆಯಲ್ಲೇ ಆಡುವ ವಿಡಿಯೋ ಗೇಮ್ ಯಂತ್ರ ಮೊದಲು ಅಂಗಡಿಗೆ ಬಂದದ್ದು 1972ರಲ್ಲಿ, ಅಮೆರಿಕದಲ್ಲಿ. ಮ್ಯಾಗ್ನಾವಾಕ್ಸ್ ಎಂಬ ಟಿವಿ ಕಂಪನಿ ಮಾರಿದ ಆ ಯಂತ್ರದ ಹೆಸರು ಒಡಿಸ್ಸಿ. ರೂಪಿಸಿದವರು ರಾಲ್ಫ್ ಬೇರ್. ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟು ಬಂದ ಯಹೂದಿ ಕುಟುಂಬದವರು. ಸ್ಯಾಂಡರ್ಸ್ ಅಸೋಸಿಯೇಟ್ಸ್ ಎಂಬ ರಕ್ಷಣಾ ಸಲಕರಣೆಗಳ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರು. ಟಿವಿಯನ್ನು ನೋಡುವುದಕ್ಕಷ್ಟೇ ಏಕೆ, ಆಡುವುದಕ್ಕೂ ಬಳಸಬಹುದಲ್ಲ ಎಂಬ ಯೋಚನೆಯನ್ನು 1966ರಲ್ಲೇ ನಾಲ್ಕು ಪುಟಗಳಲ್ಲಿ ಬರೆದಿಟ್ಟಿದ್ದರು.

ಒಡಿಸ್ಸಿಗೆ ಸದ್ದಿಲ್ಲ, ಬಣ್ಣವಿಲ್ಲ, ಅಂಕ ಎಣಿಸುವ ಶಕ್ತಿಯೂ ಇಲ್ಲ. ಕಪ್ಪು ಪರದೆಯ ಮೇಲೆ ಓಡಾಡುವ ಬಿಳಿ ಚುಕ್ಕೆಗಳು, ಒಂದು ಗೆರೆ, ಅಷ್ಟೇ. ಟೆನಿಸ್ ಅಂಕಣವೋ ಭೂತಬಂಗಲೆಯೋ ಬೇಕೆಂದರೆ ಬಣ್ಣದ ಪ್ಲಾಸ್ಟಿಕ್ ಹಾಳೆಯೊಂದನ್ನು ಟಿವಿಯ ಗಾಜಿಗೆ ಅಂಟಿಸಬೇಕು. ಅಂಕವನ್ನು ಆಡುವವರೇ ಕಾಗದದಲ್ಲಿ ಬರೆದುಕೊಳ್ಳಬೇಕು. ಆದರೂ 1975ರ ಹೊತ್ತಿಗೆ ಸುಮಾರು 3.5 ಲಕ್ಷ ಯಂತ್ರಗಳು ಖರ್ಚಾದವು. ಪೈಪೋಟಿಯೂ ಆಗಲೇ ಹುಟ್ಟಿತು. ನೋಲನ್ ಬುಶ್ನೆಲ್ ಅವರ ಅಟಾರಿ ಕಂಪನಿ 1972ರಲ್ಲೇ ‘ಪಾಂಗ್’ ಎಂಬ ಟೇಬಲ್ ಟೆನಿಸ್ ಆಟವನ್ನು ಹೊರತಂದಿತು. ಮ್ಯಾಗ್ನಾವಾಕ್ಸ್ ಕೋರ್ಟಿಗೆ ಹೋಯಿತು. 1976ರಲ್ಲಿ ಅಟಾರಿ ಪೇಟೆಂಟ್ ಪರವಾನಗಿ ಪಡೆದು ರಾಜಿ ಮಾಡಿಕೊಂಡಿತು. ಈ ಉದ್ಯಮದ ಮೊದಲ ಜಗಳವೇ ಆಟದ ಒಡೆತನ ಯಾರದು ಎಂಬುದರ ಮೇಲೆ ನಡೆದಿತ್ತು. ಮುಂದಿನ ಐವತ್ತು ವರ್ಷಗಳ ಎಲ್ಲ ಕಾಳಗಗಳಿಗೂ ಅದೇ ಮೂಲ.

ಆ ಹೊತ್ತಿಗೆ ನಮ್ಮ ಕಡೆ ಟಿವಿಯೇ ಇರಲಿಲ್ಲ. ಕರ್ನಾಟಕ-ಆಂಧ್ರ ಗಡಿಯ ಬಳ್ಳಾರಿ, ರಾಯಚೂರು, ಆದೋನಿ, ಮದ್ದಿಕೇರದ ಬಯಲುಸೀಮೆಗೆ ಟಿವಿ ಬಂದದ್ದು ಮನರಂಜನೆಯ ದಾರಿಯಿಂದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು ಇಸ್ರೋ ಮತ್ತು ಆಕಾಶವಾಣಿ ಸೇರಿ ‘ಸೈಟ್’ ಎಂಬ ಶೈಕ್ಷಣಿಕ ಪ್ರಯೋಗ ನಡೆಸಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸಾರ್ವಜನಿಕ ಟಿವಿ ಇಡಲಾಯಿತು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳೂ ಆಂಧ್ರದಲ್ಲಿ ಕರ್ನೂಲು ಜಿಲ್ಲೆಯೂ ಅದರಲ್ಲಿದ್ದವು. ಶಾಲೆಯ ಜಗಲಿಯಲ್ಲಿಟ್ಟ ಟಿವಿಯ ಮುಂದೆ ಊರಿಗೆ ಊರೇ ಕೂತು ಬೇಸಾಯ, ಆರೋಗ್ಯದ ಕಾರ್ಯಕ್ರಮ ನೋಡಿತು. ವರ್ಷ ಕಳೆದ ಮೇಲೆ ಉಪಗ್ರಹ ವಾಪಸಾಯಿತು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರಲ್ಲಿ, ಬಣ್ಣದ ಪ್ರಸಾರ 1982ರಲ್ಲಿ. ಹೀಗಾಗಿ ವಿಡಿಯೋ ಗೇಮ್ ಉದ್ಯಮದ ಮೊದಲ ಏರಿಳಿತ ಪೂರ್ತಿಯಾಗಿ ನಮಗೆ ಕಾಣದಂತೆಯೇ ನಡೆದುಹೋಯಿತು.

ಆದರೆ ಆ ಏರಿಳಿತ ಗೊತ್ತಿಲ್ಲದಿದ್ದರೆ ಮುಂದೆ ನಮ್ಮ ಊರುಗಳಿಗೆ ಬಂದ ಯಂತ್ರ ಯಾಕೆ ಹಾಗಿತ್ತು ಎಂಬುದು ಅರ್ಥವಾಗದು. ಮೊದಲ ಯಂತ್ರಗಳಲ್ಲಿ ಆಟಗಳು ಒಳಗೇ ಹುದುಗಿದ್ದವು. ಬೇಸರವಾದರೆ ಯಂತ್ರವನ್ನೇ ಮೂಲೆಗೆಸೆಯಬೇಕು. 1976ರಲ್ಲಿ ಫೇರ್‌ಚೈಲ್ಡ್ ಕಂಪನಿಯ ಜೆರ್ರಿ ಲಾಸನ್ ಎಂಬ ಕಪ್ಪು ಅಮೆರಿಕನ್ ಎಂಜಿನಿಯರ್ ನೇತೃತ್ವದ ತಂಡ ಆಟವನ್ನು ಬೇರೆ ಡಬ್ಬಿಗೆ ಹಾಕಿತು. ನಮ್ಮ ಮಕ್ಕಳು ಮುಂದೆ ‘ಕ್ಯಾಸೆಟ್’ ಎಂದು ಕರೆದದ್ದು ಇದನ್ನೇ. 1977ರಲ್ಲಿ ಬಂದ ಅಟಾರಿ ವಿಸಿಎಸ್ (ಮುಂದೆ ಅದರ ಹೆಸರು 2600) ಈ ಉಪಾಯವನ್ನು ಮನೆಮನೆಗೆ ಮುಟ್ಟಿಸಿತು. ಅದರ ತಾತ್ಕಾಲಿಕ ಸ್ಮರಣೆ ಬರೀ 128 ಬೈಟ್; ಈ ಪ್ಯಾರಾದ ಮೊದಲ ಸಾಲನ್ನು ತುಂಬಿಕೊಳ್ಳಲೂ ಅಷ್ಟು ಸಾಲದು.

ಕ್ಯಾಸೆಟ್ ಬಂದೊಡನೆ ವ್ಯಾಪಾರದ ಲೆಕ್ಕವೇ ತಿರುಗಿತು. ಯಂತ್ರವನ್ನು ಅಸಲಿಗೆ, ಬೇಕಾದರೆ ನಷ್ಟಕ್ಕೇ ಕೊಟ್ಟರೂ ಚಿಂತೆಯಿಲ್ಲ. ಒಮ್ಮೆ ಮನೆಗೆ ಹೊಕ್ಕರೆ ಸಾಕು, ವರ್ಷಗಟ್ಟಲೆ ಕ್ಯಾಸೆಟ್ ಮಾರಿ ಲಾಭ ಎತ್ತಬಹುದು. ಅಗ್ಗದ ಪ್ರಿಂಟರ್ ಕೊಟ್ಟು ದುಬಾರಿ ಶಾಯಿ ಮಾರುವವರ ಲೆಕ್ಕವೂ ಇದೇ. ಇದರಲ್ಲಿ ಒಂದೇ ತೊಡಕು: ಬೇರೆಯವರೂ ಕ್ಯಾಸೆಟ್ ಮಾಡತೊಡಗಿದರೆ? 1979ರಲ್ಲಿ ಅದೇ ಆಯಿತು. ತಾವು ಬರೆದ ಆಟಗಳಿಂದ ಕಂಪನಿಗೆ ಕೋಟಿಗಟ್ಟಲೆ ಹಣ ಬಂದರೂ ತಮಗೆ ಹೆಸರೂ ಇಲ್ಲ, ಪಾಲೂ ಇಲ್ಲ ಎಂದು ಮುನಿಸಿಕೊಂಡ ಅಟಾರಿಯ ಪ್ರೋಗ್ರಾಮರ್‌ಗಳು ಹೊರಬಂದು ಆಕ್ಟಿವಿಷನ್ ಕಟ್ಟಿದರು. ಅಟಾರಿ ದಾವೆ ಹೂಡಿತು, ಫಲಿಸಲಿಲ್ಲ, 1982ರಲ್ಲಿ ರಾಜಿಯಾಯಿತು. ಬಾಗಿಲು ಹಾರುಹೊಡೆದಂತಾಗಿ ಕಂಡಕಂಡವರೆಲ್ಲ ಕ್ಯಾಸೆಟ್ ಮಾಡಿ ಸುರಿದರು. ಅಟಾರಿಯೂ ಕಡಿಮೆಯೇನಿರಲಿಲ್ಲ. ‘ಇ.ಟಿ.’ ಸಿನಿಮಾ ಆಧರಿಸಿದ ಆಟವನ್ನು ಒಬ್ಬನೇ ಪ್ರೋಗ್ರಾಮರ್ ಕೈಲಿ ಐದೇ ವಾರದಲ್ಲಿ ಮಾಡಿಸಿ 1982ರ ಕ್ರಿಸ್‌ಮಸ್‌ಗೆ ಬಿಟ್ಟಿತು. ಮಾರಾಟವಾಗದೆ ಉಳಿದ ಕ್ಯಾಸೆಟ್‌ಗಳನ್ನು 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೋರ್ಡೊ ಎಂಬಲ್ಲಿ ಗುಂಡಿ ತೋಡಿ ಹೂಳಲಾಯಿತು. 2014ರಲ್ಲಿ ಅಗೆದಾಗ ಅವು ಸಿಕ್ಕವು. 1983ರಲ್ಲಿ ಸುಮಾರು 320 ಕೋಟಿ ಡಾಲರ್ ಇದ್ದ ಅಮೆರಿಕದ ಮಾರುಕಟ್ಟೆ ಎರಡೇ ವರ್ಷದಲ್ಲಿ 10 ಕೋಟಿಗೆ ಕುಸಿಯಿತು.

ಅದೇ 1983ರ ಜುಲೈ 15ರಂದು ಜಪಾನಿನಲ್ಲಿ ಎರಡು ಯಂತ್ರಗಳು ಒಂದೇ ದಿನ ಮಾರುಕಟ್ಟೆಗೆ ಬಂದವು. ಒಂದು ಸೆಗಾ ಕಂಪನಿಯ ಎಸ್‌ಜಿ-1000. ಇನ್ನೊಂದು ನಿಂಟೆಂಡೊದ ಫ್ಯಾಮಿಕಾಮ್. ನಿಂಟೆಂಡೊ 1889ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಹನಫುಡ ಎಲೆಗಳನ್ನು ತಯಾರಿಸಲು ಹುಟ್ಟಿದ ಹಳೆಯ ಕಂಪನಿ. ಮಸಾಯುಕಿ ಉಯೆಮುರ ವಿನ್ಯಾಸಗೊಳಿಸಿದ ಫ್ಯಾಮಿಕಾಮ್ ಜಪಾನನ್ನು ಗೆದ್ದ ಮೇಲೆ, 1985ರಲ್ಲಿ ಎನ್‌ಇಎಸ್ ಎಂಬ ಹೊಸ ಹೆಸರು, ಹೊಸ ಮೈಕಟ್ಟಿನಲ್ಲಿ ಅಮೆರಿಕಕ್ಕೆ ಹೋಯಿತು. ಅಟಾರಿಯ ಪಾಡನ್ನು ನೋಡಿದ್ದ ನಿಂಟೆಂಡೊ ಈ ಬಾರಿ ಒಳಗೊಂದು ಬೀಗದ ಚಿಪ್ ಇಟ್ಟಿತು. ಅದಕ್ಕೆ ಜೋಡಿಯಾದ ಚಿಪ್ ಕ್ಯಾಸೆಟ್ಟಿನಲ್ಲಿ ಇಲ್ಲದಿದ್ದರೆ ಆಟ ಶುರುವಾಗದು. ಕ್ಯಾಸೆಟ್ಟನ್ನು ನಿಂಟೆಂಡೊದಿಂದಲೇ ಮಾಡಿಸಬೇಕು, ವರ್ಷಕ್ಕೆ ಐದೇ ಆಟ, ಅದೇ ಆಟವನ್ನು ಎರಡು ವರ್ಷ ಬೇರೆ ಯಂತ್ರಕ್ಕೆ ಕೊಡುವಂತಿಲ್ಲ. ಅಧ್ಯಕ್ಷ ಹಿರೋಶಿ ಯಮೌಚಿ ಹಾಕಿದ ಈ ಷರತ್ತುಗಳಿಗೆ ಬೇರೆ ಕಂಪನಿಗಳು ಹಲ್ಲು ಕಚ್ಚಿಕೊಂಡು ಸಹಿ ಹಾಕಿದವು. ಸತ್ತೇಹೋಯಿತು ಎಂದುಕೊಂಡಿದ್ದ ಉದ್ಯಮ ಆ ಬೀಗದಿಂದ ಎದ್ದು ನಿಂತಿತು. ಎರಡೂ ಹೆಸರಿನಲ್ಲಿ ಸೇರಿ ಸುಮಾರು 6.2 ಕೋಟಿ ಯಂತ್ರ ಮಾರಾಟವಾದವು.

ಬೀಗ ಇದ್ದದ್ದು ಹೊರದೇಶದ ಎನ್‌ಇಎಸ್‌ನಲ್ಲಿ. ಜಪಾನಿನ ಮೂಲ ಫ್ಯಾಮಿಕಾಮ್‌ನಲ್ಲಿ ಇರಲಿಲ್ಲ. ಭಾರತದ ಕಥೆಯನ್ನು ನಿರ್ಧರಿಸಿದ ಸಂಗತಿ ಇದು. ತೈವಾನ್, ಚೀನಾದ ತಯಾರಕರು ನಕಲು ಮಾಡಿದ್ದು ಬೀಗವಿಲ್ಲದ ಈ ಫ್ಯಾಮಿಕಾಮನ್ನು. ಅದರ ಚಿಪ್‌ಗಳನ್ನು ಮೊದಲು ಬಿಡಿಬಿಡಿಯಾಗಿ, ಆಮೇಲೆ ಎಲ್ಲವನ್ನೂ ಒಂದೇ ಚಿಪ್ಪಿನಲ್ಲಿ ಅಡಗಿಸಿ, ಮೇಲೆ ಕರಿ ರಾಳದ ಬೊಟ್ಟಿಟ್ಟು ತಯಾರಿಸಿದರು. ಅಂಥ ಯಂತ್ರಕ್ಕೆ ಬೀಳುವ ಖರ್ಚು ಬಲು ಕಡಿಮೆ, ಆಟ ತಯಾರಕರಿಗೆ ರಾಯಧನ ಕೊಡುವ ಪ್ರಶ್ನೆಯೇ ಇಲ್ಲ.

1990ರ ದಶಕದಲ್ಲಿ ಭಾರತದ ಪೇಟೆಗೆ ದೊಡ್ಡ ಕಂಪನಿಗಳ ಅಸಲಿ ಮಾಲು ಬರುವ ಪ್ರಯತ್ನವೂ ಆಯಿತು. ನಿಂಟೆಂಡೊದ ಯಂತ್ರ ಇಲ್ಲಿ ‘ಸಮುರಾಯ್’ ಹೆಸರಿನಲ್ಲಿ ಮಾರಾಟವಾಯಿತು. ಸೆಗಾ 1995ರಲ್ಲಿ ಶಾ ವ್ಯಾಲೇಸ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಆಗ ಆಮದು ಸುಂಕ ಶೇ 80ರಷ್ಟಿತ್ತು. ಅದನ್ನು ತಪ್ಪಿಸಿಕೊಳ್ಳುವುದೇ ಆ ಒಪ್ಪಂದದ ಉದ್ದೇಶ. ಆದರೂ ಸೆಗಾದ ಮೆಗಾ ಡ್ರೈವ್ ಯಂತ್ರದ ಬೆಲೆ ₹18,000. ಆ ಕಾಲದಲ್ಲಿ ಒಳ್ಳೆಯ ಬಣ್ಣದ ಟಿವಿಗೆ ಕೊಡುವಷ್ಟೇ ದುಡ್ಡು. ಅಮೆರಿಕದಲ್ಲಿ ನಿಂಟೆಂಡೊದ ಬೆವರಿಳಿಸಿದ ಯಂತ್ರ ಇಲ್ಲಿ ಕೆಲವೇ ಸಿರಿವಂತರ ಮನೆಯ ವಸ್ತುವಾಯಿತು.

ಉಳಿದ ಮನೆಗಳಿಗೆ ಬಂದದ್ದು ನಕಲಿ ಫ್ಯಾಮಿಕಾಮ್. ಮೀಡಿಯಾ, ಲಿಟ್ಲ್ ಮಾಸ್ಟರ್ ಎಂಬ ಹೆಸರುಗಳು, ಹೆಸರೇ ಇಲ್ಲದ ಪೆಟ್ಟಿಗೆಗಳು, ಎಲ್ಲವನ್ನೂ ಜನ ಕರೆದದ್ದು ‘ವಿಡಿಯೋ ಗೇಮ್’ ಅಥವಾ ‘ಟಿವಿ ಗೇಮ್’ ಎಂದೇ. ಮಹಾನಗರಗಳಿಂದ ಹಿಡಿದು ಬಳ್ಳಾರಿ, ಆದೋನಿ, ಗುಂತಕಲ್‌ನಂಥ ಊರುಗಳ ಎಲೆಕ್ಟ್ರಾನಿಕ್ಸ್ ಅಂಗಡಿಯವರೆಗೆ ಅದರ ಓಟ. ಬೇಸಿಗೆ ರಜೆ ಅದರ ಸುಗ್ಗಿ. ಆಂಟೆನಾ ತಂತಿ ಕಿತ್ತು ಆ ಜಾಗಕ್ಕೆ ಗೇಮ್‌ನ ವೈರು ಸಿಕ್ಕಿಸಿ, ಚಾನೆಲ್ ಟ್ಯೂನ್ ಮಾಡಿ, ಚುಕ್ಕೆಗಳ ಮಳೆಯೊಳಗಿಂದ ಚಿತ್ರ ಮೂಡುವವರೆಗೆ ತಿರುಪು ತಿರುಗಿಸಬೇಕು. ಎರಡು ‘ರಿಮೋಟ್’, ಒಂದು ಗನ್, ಹಳದಿ ಕ್ಯಾಸೆಟ್.

ಆ ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದು ಬರೆದಿರುತ್ತಿತ್ತು. ಒಳಗಿದ್ದದ್ದು ಕೆಲವೇ ಆಟ. ಪಟ್ಟಿಯ ಮೊದಲ ಪುಟದಲ್ಲಿ ಕಾಂಟ್ರಾ, ಸೂಪರ್ ಮಾರಿಯೊ, ಟ್ಯಾಂಕಿನ ಆಟ ‘ಬ್ಯಾಟಲ್ ಸಿಟಿ’, ಬೈಕಿನ ‘ಎಕ್ಸೈಟ್‌ಬೈಕ್’, ಬಾತುಕೋಳಿ ಹೊಡೆಯುವ ‘ಡಕ್ ಹಂಟ್’ ಸಿಗುತ್ತಿದ್ದವು. ಮುಂದಿನ ಪುಟಗಳಲ್ಲಿ ಅವೇ ಆಟಗಳು ಬೇರೆ ಹೆಸರು ತೊಟ್ಟು ಬರುತ್ತಿದ್ದವು. ಪ್ರತಿ ಹೆಸರೂ ಅದೇ ಆಟವನ್ನು ಬೇರೊಂದು ಹಂತದಿಂದಲೋ, ಹೆಚ್ಚು ಜೀವಗಳೊಂದಿಗೋ ಶುರು ಮಾಡುವ ಸಣ್ಣ ಸೂಚನೆ ಮಾತ್ರ. ಇದು ಮೋಸವೇ, ಸಂಶಯವಿಲ್ಲ. ಆದರೂ ಕೈಯಲ್ಲಿ ಕಾಸಿಲ್ಲದ ಮನೆಯ ಮಗುವಿಗೆ ಜಪಾನಿನ ಅತ್ಯುತ್ತಮ ಕೈಕೆಲಸ ಎಟುಕಿದ್ದು ಈ ಮೋಸದ ಮೂಲಕವೇ ಎಂಬುದೂ ಅಷ್ಟೇ ನಿಜ. ಶಿಗೆರು ಮಿಯಾಮೊಟೊ 1985ರಲ್ಲಿ ರೂಪಿಸಿದ ಸೂಪರ್ ಮಾರಿಯೊ ಆಟ, ಕನ್ನಡದ ಒಂದು ತಲೆಮಾರಿಗೆ ಪರಿಚಯವಾದದ್ದು ಹೀಗೆ, ನಿಂಟೆಂಡೊಗೆ ಬಿಡಿಗಾಸೂ ಸಲ್ಲದೆ.

ಗನ್ನಿನದು ನಿಜವಾಗಿಯೂ ಜಾಣ ವಿದ್ಯೆ. ಅದರ ನಳಿಗೆಯಿಂದ ಏನೂ ಹೊರಡುವುದಿಲ್ಲ; ಬದಲಿಗೆ ಪರದೆಯ ಬೆಳಕು ಒಳಗೆ ಬರುತ್ತದೆ. ಕುದುರೆ ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಹೊಳೆಯುತ್ತದೆ. ನಳಿಗೆಯೊಳಗಿನ ಬೆಳಕು ಹಿಡಿಯುವ ಬಿಡಿಭಾಗ ಮೊದಲು ಕತ್ತಲನ್ನೂ ಆಮೇಲೆ ಬೆಳಕನ್ನೂ ಕಂಡರೆ ಗುರಿ ಸರಿ ಎಂದರ್ಥ. ಎರಡು ಹಕ್ಕಿಗಳಿದ್ದರೆ ಚೌಕಗಳು ಒಂದಾದ ಮೇಲೊಂದು ಹೊಳೆಯುತ್ತವೆ. ಯಾವ ಸರದಿಯಲ್ಲಿ ಬೆಳಕು ಕಂಡಿತು ಎಂಬುದರಿಂದ ಯಾವ ಹಕ್ಕಿಗೆ ಪೆಟ್ಟು ಬಿತ್ತೆಂದು ಯಂತ್ರ ತಿಳಿಯುತ್ತದೆ. ಮೊದಲು ಕತ್ತಲು ಕಾಣಲೇಬೇಕಾದ್ದರಿಂದ ಗನ್ನನ್ನು ಉರಿಯುವ ಬಲ್ಬಿನ ಕಡೆ ತಿರುಗಿಸಿ ಗೆಲ್ಲುವಂತಿಲ್ಲ. ಇಷ್ಟೆಲ್ಲ ಕಣ್ಣಿಗೆ ಒಂದು ಮಿಂಚಾಗಿ ಮಾತ್ರ ಕಾಣುತ್ತದೆ. ಹಳೆಯ ಗಾಜಿನ ಕೊಳವೆಯ ಟಿವಿ ಚಿತ್ರವನ್ನು ತಡವಿಲ್ಲದೆ ಬರೆಯುತ್ತಿದ್ದುದರಿಂದ ಈ ಲೆಕ್ಕ ಕೂಡಿಬರುತ್ತಿತ್ತು. ಈಗಿನ ಎಲ್‌ಸಿಡಿ ಪರದೆ ಚಿತ್ರ ತೋರಿಸುವುದು ತುಸು ತಡ. ಅಟ್ಟದಲ್ಲಿರುವ ಗನ್ ಕೆಡದೆ ಇದ್ದರೂ ಹೊಸ ಟಿವಿಯಲ್ಲಿ ಒಂದು ಹಕ್ಕಿಯೂ ಬೀಳದಿರುವುದಕ್ಕೆ ಕಾರಣ ಅದೇ.

ನಮ್ಮಲ್ಲಿ ಹೀಗೆ ನಕಲಿ ಯಂತ್ರ ಒಂದೇ ರಾಜ್ಯವಾಳುತ್ತಿದ್ದಾಗ ಹೊರಗೆ ದೊರೆಗಳು ಬದಲಾದರು. 1988ರಲ್ಲಿ ಜಪಾನಿನಲ್ಲೂ ಮರುವರ್ಷ ಅಮೆರಿಕದಲ್ಲೂ ಬಂದ ಮೆಗಾ ಡ್ರೈವ್‌ಗೆ 1991ರಲ್ಲಿ ಸೋನಿಕ್ ಎಂಬ ನೀಲಿ ಮುಳ್ಳುಹಂದಿಯ ಆಟ ಜೊತೆಯಾಯಿತು. ಅಮೆರಿಕದಲ್ಲಿ ಸೆಗಾದ ಚುಕ್ಕಾಣಿ ಹಿಡಿದಿದ್ದ ಟಾಮ್ ಕಲಿನ್ಸ್ಕಿ ಯಂತ್ರದ ಬೆಲೆ ಇಳಿಸಿ, ಸೋನಿಕ್ ಆಟವನ್ನು ಅದರ ಜೊತೆಗೇ ಕೊಟ್ಟರು. ನಿಂಟೆಂಡೊವನ್ನು ಹೆಸರು ಹಿಡಿದು ಕೆಣಕುವ ಜಾಹೀರಾತು ಹಾಕಿದರು. ಇಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಸೆಗಾದ ಯಂತ್ರವನ್ನು ಬಿಚ್ಚಿ ಅದರ ಗುಟ್ಟು ಅರಿತು, ‘ಪರವಾನಗಿ ಇಲ್ಲದೆಯೂ ಆಟ ಮಾಡಬಲ್ಲೆವು’ ಎಂದು ತೋರಿಸಿ ರಾಯಧನ ಇಳಿಸಿಕೊಂಡಿತು. ಬೀಗ ಹಾಕುವವರು, ಬೀಗ ಮುರಿಯಬಲ್ಲವರು ಒಂದೇ ಮೇಜಿನಲ್ಲಿ ಕೂತು ಚೌಕಾಸಿ ಮಾಡುವ ಹಂತಕ್ಕೆ ಉದ್ಯಮ ಬಂದಿತ್ತು.

ಸೋನಿ ಕಂಪನಿ ಕಣಕ್ಕಿಳಿದದ್ದೂ ಇದೇ ಚೌಕಾಸಿಯ ಜಗಳದಿಂದ. ನಿಂಟೆಂಡೊ ಯಂತ್ರಕ್ಕೆ ಸಿಡಿ ಓದುವ ಭಾಗ ಮಾಡಿಕೊಡಲು ಸೋನಿ ಒಪ್ಪಂದ ಮಾಡಿಕೊಂಡಿತ್ತು. ಸಿಡಿ ಆಟಗಳ ಹಕ್ಕು ಸೋನಿಯ ಕೈಗೆ ಹೋಗುತ್ತದೆ ಎಂಬುದು ಮನದಟ್ಟಾದ ಮೇಲೆ ಯಮೌಚಿ ಹಿಂದೆ ಸರಿದರು. 1991ರ ಜೂನ್‌ನಲ್ಲಿ ಷಿಕಾಗೋದ ಮೇಳದಲ್ಲಿ ಸೋನಿ ತನ್ನ ಯಂತ್ರವನ್ನು ಪ್ರಕಟಿಸಿದ ಮರುದಿನವೇ, ತಾನು ಫಿಲಿಪ್ಸ್ ಜೊತೆ ಹೋಗುತ್ತಿದ್ದೇನೆಂದು ನಿಂಟೆಂಡೊ ಸಾರಿತು. ಸಭೆಯ ನಡುವೆ ಆದ ಆ ಅವಮಾನವನ್ನು ಸೋನಿಯ ಎಂಜಿನಿಯರ್ ಕೆನ್ ಕುಟರಾಗಿ ಯಂತ್ರವಾಗಿಸಿದರು. 1994ರ ಡಿಸೆಂಬರ್ 3ರಂದು ಪ್ಲೇಸ್ಟೇಷನ್ ಹೊರಬಂತು. ಮರುವರ್ಷ ಅಮೆರಿಕದ ಇ3 ಮೇಳದಲ್ಲಿ ಸೆಗಾ ತನ್ನ ಸ್ಯಾಟರ್ನ್ ಯಂತ್ರಕ್ಕೆ 399 ಡಾಲರ್ ಬೆಲೆ ಹೇಳಿತು. ಬಳಿಕ ವೇದಿಕೆಗೆ ಬಂದ ಸೋನಿಯ ಸ್ಟೀವ್ ರೇಸ್ ‘299’ ಎಂದಷ್ಟೇ ಹೇಳಿ ಕೆಳಗಿಳಿದರು. ನಿಂಟೆಂಡೊ 1996ರ ತನ್ನ ಯಂತ್ರದಲ್ಲೂ ದುಬಾರಿ ಕ್ಯಾಸೆಟ್ ಬಿಡಲಿಲ್ಲ. ಅಗ್ಗದ, ಹತ್ತಾರು ಪಟ್ಟು ದೊಡ್ಡ ಸಿಡಿಗಾಗಿ ಆಟ ತಯಾರಕರು ಸೋನಿ ಕಡೆ ವಾಲಿದರು. ಪ್ಲೇಸ್ಟೇಷನ್ 10 ಕೋಟಿ ದಾಟಿತು. 2000ದಲ್ಲಿ ಬಂದ ಪಿಎಸ್2 ಡಿವಿಡಿ ಸಿನಿಮಾವನ್ನೂ ತೋರಿಸುತ್ತಿತ್ತು; 16 ಕೋಟಿ ಮಾರಾಟವಾಗಿ ಇಂದಿಗೂ ದಾಖಲೆಯಾಗಿ ನಿಂತಿದೆ. ಅದರ ಏಟಿಗೆ ಸೆಗಾ 2001ರಲ್ಲಿ ಯಂತ್ರ ತಯಾರಿಕೆಯನ್ನೇ ಬಿಟ್ಟಿತು. ಅದೇ ವರ್ಷ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ತಂದಿತು.

ಭಾರತದ ಬಾಗಿಲು ತೆರೆದದ್ದೂ ಆ ವರ್ಷವೇ. 2001ರ ಏಪ್ರಿಲ್ 1ರಿಂದ ಗ್ರಾಹಕ ವಸ್ತುಗಳ ಆಮದಿನ ಮೇಲಿದ್ದ ಪ್ರಮಾಣದ ನಿರ್ಬಂಧ ಹೋಯಿತು. ಸೋನಿ ಇಲ್ಲಿ ಅಧಿಕೃತವಾಗಿ ವ್ಯಾಪಾರಕ್ಕಿಳಿದು ಪಿಎಸ್2 ಅನ್ನು ಹೊಸ ಯಂತ್ರಗಳು ಬಂದ ಮೇಲೂ ಕೈಬಿಡದೆ, ಬೆಲೆ ಇಳಿಸುತ್ತ ಹೋಯಿತು. ಕೊನೆಗಾಲದಲ್ಲಿ ಅದು ₹5,000ದ ಆಸುಪಾಸಿಗೆ ಸಿಗುತ್ತಿತ್ತು. ಯಂತ್ರ ಕೊಂಡವರು ಮೊದಲು ಹೋಗುತ್ತಿದ್ದುದು ಅದಕ್ಕೆ ‘ಚಿಪ್ ಹಾಕಿಸಲು’. ಆ ಚಿಪ್ಪಿದ್ದರೆ ನಕಲಿ ಡಿಸ್ಕ್ ಕೂಡ ಓಡುತ್ತದೆ. ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್, ಚೆನ್ನೈನ ಬರ್ಮಾ ಬಜಾರ್, ದೆಹಲಿಯ ಪಾಲಿಕಾ ಬಜಾರ್ ಇಂಥ ವ್ಯಾಪಾರಕ್ಕೆ ಹೆಸರಾಗಿದ್ದವು. ಕ್ಯಾಸೆಟ್ ಕಾಲದಲ್ಲಿ ಯಂತ್ರವೂ ಆಟವೂ ನಕಲಿ. ಈಗ ಯಂತ್ರ ಅಸಲಿ, ಆಟ ನಕಲಿ. ಯಂತ್ರದಲ್ಲಿ ಕಳೆದುಕೊಂಡದ್ದನ್ನು ಆಟದಲ್ಲಿ ತುಂಬಿಕೊಳ್ಳುವ ಜಾಗತಿಕ ಲೆಕ್ಕ ಇಲ್ಲಿ ಹೊಂದಲೇ ಇಲ್ಲ. ಕಂಪನಿಗಳು ಭಾರತವನ್ನು ಬಹುಕಾಲ ಕಡೆಗಣಿಸಿದ್ದಕ್ಕೆ ದೊಡ್ಡ ಕಾರಣ ಇದು. ಆದರೆ ಖರೀದಿಸುವ ಶಕ್ತಿಗೆ ತಕ್ಕ ಬೆಲೆಯನ್ನು ಆಟಗಳಿಗೆ ಯಾರೂ ಇಡದೆ ನಕಲಿಯನ್ನು ಮಾತ್ರ ದೂರಿದ್ದು ನ್ಯಾಯವಲ್ಲ.

ಮೈಕ್ರೋಸಾಫ್ಟ್ 2006ರ ಸೆಪ್ಟೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360ಯನ್ನು ಇಲ್ಲಿಗೆ ತಂದು ಅಕ್ಷಯ್ ಕುಮಾರ್ ಮತ್ತು ಯುವರಾಜ್ ಸಿಂಗ್ ಅವರನ್ನು ಪ್ರಚಾರಕ್ಕೆ ನಿಲ್ಲಿಸಿತು. ಬ್ರಿಯಾನ್ ಲಾರಾ ಹೆಸರಿನ ಕ್ರಿಕೆಟ್ ಆಟಕ್ಕೆ ಭಾರತದಲ್ಲಿ ಯುವರಾಜ್ ಹೆಸರಿಟ್ಟು ಮಾರಲಾಯಿತು. 2007ರಲ್ಲಿ ಪಿಎಸ್3 ₹39,990ಕ್ಕೆ ಬಂತು. ಸೋನಿ ಭಾರತದಲ್ಲೇ ಆಟ ಮಾಡಿಸಲೂ ಮುಂದಾಯಿತು. 2009ರಲ್ಲಿ ಹೈದರಾಬಾದಿನ ಅರೋನಾ ಸಂಸ್ಥೆ ಪಿಎಸ್2ಗಾಗಿ ‘ಹನುಮಾನ್: ಬಾಯ್ ವಾರಿಯರ್’ ರೂಪಿಸಿತು, ಗೇಮ್‌ಶಾಸ್ತ್ರ ಸಂಸ್ಥೆ ‘ದೇಸಿ ಅಡ್ಡಾ’ದಲ್ಲಿ ಕಬಡ್ಡಿ, ಗಾಳಿಪಟದಂಥ ನಮ್ಮ ಆಟಗಳನ್ನು ಪರದೆಗೆ ತಂದಿತು. ಪ್ರಯತ್ನ ಮುಂದುವರಿಯಲಿಲ್ಲ. ಹೊರಗೆ ಆ ಸುತ್ತಿನಲ್ಲಿ ಗೆದ್ದದ್ದು ಕೈಬೀಸಿ ಆಡುವ ನಿಂಟೆಂಡೊ ವೀ, 10 ಕೋಟಿ ಮಾರಾಟ. ಬಿಸಿಯಾಗಿ ಕೆಡುತ್ತಿದ್ದ ಎಕ್ಸ್‌ಬಾಕ್ಸ್ 360ಗಳ ದುರಸ್ತಿಗೆ ಮೈಕ್ರೋಸಾಫ್ಟ್ 100 ಕೋಟಿ ಡಾಲರಿಗೂ ಹೆಚ್ಚು ತೆಗೆದಿಡಬೇಕಾಯಿತು. 2013ರಲ್ಲಿ ಪಿಎಸ್4 ಮತ್ತೆ 100 ಡಾಲರ್ ಅಗ್ಗವಾಗಿ ಬಂದು ಎಕ್ಸ್‌ಬಾಕ್ಸ್ ಒನ್ ಅನ್ನು ಹಿಂದಿಕ್ಕಿತು. 2023ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಆಕ್ಟಿವಿಷನ್ ಬ್ಲಿಝಾರ್ಡ್ ಅನ್ನು ಸುಮಾರು 6,900 ಕೋಟಿ ಡಾಲರಿಗೆ ಕೊಂಡಿತು. ಯಂತ್ರ ಕಂಪನಿಯ ಹಿಡಿತ ತಪ್ಪಿಸಿಕೊಳ್ಳಲು ಹುಟ್ಟಿದ ಮೊದಲ ಸಂಸ್ಥೆ ಯಂತ್ರ ಕಂಪನಿಯ ಆಸ್ತಿಯಾಯಿತು.

ಈ ಪೈಪೋಟಿಯಲ್ಲಿ ಕರ್ನಾಟಕಕ್ಕೆ ಸಿಕ್ಕ ಜಾಗ ಅಂಗಡಿಯ ಮುಂದಲ್ಲ, ಕಾರ್ಖಾನೆಯ ಒಳಗೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಸ್ಥಾಪಿಸಿದರು. ಭಾರತದ ಹಳೆಯ ಗೇಮ್ ಸಂಸ್ಥೆಗಳಲ್ಲಿ ಅದೊಂದು. ಸ್ವಂತ ಆಟ ಮಾಡಿ ಮಾರಲು ದೇಶದಲ್ಲಿ ಪೇಟೆ ಇರಲಿಲ್ಲ. ಆದ್ದರಿಂದ ವಿದೇಶಿ ಆಟಗಳಿಗೆ ಕಾರು, ಕಟ್ಟಡ, ಆಯುಧ, ಗಿಡಮರಗಳ ಮೂರು ಆಯಾಮದ ಚಿತ್ರ ಮಾಡಿಕೊಡುವ ಕೆಲಸವನ್ನು ಅದು ನೆಚ್ಚಿತು. ಮೈಕ್ರೋಸಾಫ್ಟ್‌ನ ‘ಫೋರ್ಜಾ ಹೊರೈಜನ್ 4’, ‘ಸೀ ಆಫ್ ಥೀವ್ಸ್’ ಆಟಗಳಲ್ಲೂ ಸೋನಿಯ ‘ಡೇಸ್ ಗಾನ್’ ಆಟದಲ್ಲೂ ಧ್ರುವದ ಕೆಲಸವಿದೆ. ಹೊರಗೆ ಕಾದಾಡುವ ಎರಡೂ ಪಾಳೆಯಗಳ ಪಾತ್ರೆ ಒಂದೇ ಬೆಂಗಳೂರಿನ ಒಲೆಯ ಮೇಲಿತ್ತು. ರಾಜ್ಯ ಸರ್ಕಾರ 2012ರಲ್ಲಿ ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆಂದೇ ನೀತಿ ರೂಪಿಸಿತು. ‘ಗ್ರ್ಯಾಂಡ್ ಥೆಫ್ಟ್ ಆಟೋ’ ತಯಾರಿಸುವ ರಾಕ್‌ಸ್ಟಾರ್ 2016ರಲ್ಲಿ ಬೆಂಗಳೂರಿನಲ್ಲಿ ಶಾಖೆ ತೆರೆಯಿತು. ಸ್ವೀಡನ್ನಿನ ಸ್ಟಾರ್‌ಬ್ರೀಝ್ ಕೈಗೆ ಹೋಗಿದ್ದ ಧ್ರುವವನ್ನು ಅದೇ ರಾಕ್‌ಸ್ಟಾರ್ 2019ರಲ್ಲಿ 79 ಲಕ್ಷ ಡಾಲರಿಗೆ ಕೊಂಡು ತನ್ನ ಶಾಖೆಯೊಡನೆ ಸೇರಿಸಿಕೊಂಡಿತು.

ಮಾರುಕಟ್ಟೆ ಮಾತ್ರ ಹಳೆಯ ತೊಡಕಿನಲ್ಲೇ ಇದೆ. 2018ರ ಬಜೆಟ್ ವಿಡಿಯೋ ಗೇಮ್ ಯಂತ್ರಗಳ ಸುಂಕವನ್ನು ಶೇ 10ರಿಂದ 20ಕ್ಕೆ ಏರಿಸಿತು. 2019ರ ಜನವರಿಯಿಂದ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. 2020ರ ನವೆಂಬರ್‌ನಲ್ಲಿ ಹೊರದೇಶಗಳಲ್ಲಿ ಬಿಡುಗಡೆಯಾದ ಪಿಎಸ್5, ₹49,990 ಬೆಲೆಗೆ ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ನಿಂಟೆಂಡೊದ ಸ್ವಿಚ್ 2017ರಿಂದ ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾದರೂ ಭಾರತಕ್ಕೆ ಕಂಪನಿ ಅದನ್ನು ಅಧಿಕೃತವಾಗಿ ತರಲಿಲ್ಲ. ಆಸೆಪಟ್ಟವರು ಆಮದುಗಾರರಿಗೆ ಹೆಚ್ಚಿನ ದುಡ್ಡು ತೆತ್ತು, ಕಂಪನಿಯ ಗ್ಯಾರಂಟಿ ಇಲ್ಲದೆ ಕೊಳ್ಳುತ್ತಾರೆ. ಹಳದಿ ಕ್ಯಾಸೆಟ್ ಬಿಟ್ಟುಹೋದ ಜಾಗವನ್ನು ತುಂಬಿದ್ದು ಮೊಬೈಲ್ ಫೋನ್. 2016ರಲ್ಲಿ ಡೇಟಾ ಅಗ್ಗವಾದ ಮೇಲೆ, 2018ರಲ್ಲಿ ಪಬ್‌ಜಿ ಮೊಬೈಲ್ ಬಂದ ಮೇಲೆ, ಕರ್ನಾಟಕ-ಆಂಧ್ರ ಗಡಿಯ ಎರಡೂ ಬದಿಯ ಊರುಗಳಲ್ಲಿ ಆಟವೆಂದರೆ ಅದೇ ಆಯಿತು. ಅಲ್ಲಿ ಆಟ ಪುಕ್ಕಟೆ. ಮಾರುವುದು ಆಟದೊಳಗಿನ ಅಂಗಿ, ಬಂದೂಕಿನ ಬಣ್ಣಗಳನ್ನು. ಪ್ರತಿ ಖರೀದಿಯಲ್ಲೂ ಗೂಗಲ್ ಅಥವಾ ಆಪಲ್ ತನ್ನ ಪಾಲು ಮುರಿದುಕೊಳ್ಳುತ್ತದೆ.